ಬೀರುವಿನಲ್ಲೊಂದು ಕೂಸು

ನಾನು ಕೆಲಸ ಬಿಟ್ಟು ಏಳು ತಿಂಗಳಾಗಿತ್ತು, ಕೆಲಸ ಮಾತ್ರ ನನ್ನನ್ನು ಬಿಟ್ಟಿರಲಿಲ್ಲ. ಬೀರುವಿನ ಮೇಲಿನ ಅರೆಯಲ್ಲಿ, ಮಡಿಸಿಟ್ಟ ಸ್ವೆಟರ್‌ಗಳ ನಡುವೆ, ಕಂಪನಿಯ ಲ್ಯಾಪ್‌ಟಾಪು ಹಾಯಾಗಿ ಮಲಗಿತ್ತು. ಬೆನ್ನ ಮೇಲೆ ಬಾರ್‌ಕೋಡಿನ ಚೀಟಿ, ಅದರಡಿ 'ಇದು ಕಂಪನಿಯ ಸ್ವತ್ತು' ಎಂಬ ಎಚ್ಚರಿಕೆ.

ಕೊನೆಯ ದಿನವೇ ಒಪ್ಪಿಸಬಹುದಿತ್ತಲ್ಲ ಎನ್ನುತ್ತೀರಿ. ನಾನು ಮನೆಯಿಂದ ಕೆಲಸ ಮಾಡುತ್ತಿದ್ದವನು. 'ಕೊರಿಯರ್‌ನವರು ಬಂದು ಒಯ್ಯುತ್ತಾರೆ, ಅಲ್ಲಿತನಕ ಇಟ್ಟುಕೊಂಡಿರಿ' ಎಂದಿದ್ದರು. ಸಂಜೆ ಆರಕ್ಕೆ ಸರಿಯಾಗಿ ನನ್ನ ಖಾತೆ ಮುಚ್ಚಿತು, ಪರದೆಗೆ ಬೀಗ ಬಿತ್ತು. ಬಾಕಿ ಸಂಬಳವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಂದು ಹೊತ್ತಿಗೆ ಸರಿಯಾಗಿಯೇ ನಡೆಯಿತು.

ಕೊರಿಯರ್ ಬರಲಿಲ್ಲ. ಎಚ್‌ಆರ್‌ಗೆ ಬರೆದೆ, ಐಟಿಗೆ ಬರೆಯಿರಿ ಎಂದರು. ಐಟಿಯವರು 'ಟಿಕೆಟ್ ಹಾಕಿ' ಎಂದರು, ಅಂದರೆ ಕಂಪನಿಯ ಜಾಲತಾಣದಲ್ಲಿ ಮನವಿ ದಾಖಲಿಸಬೇಕು. ಟಿಕೆಟ್ ಹಾಕುವ ಪುಟಕ್ಕೆ ಲಾಗಿನ್ ಬೇಕು, ಲಾಗಿನ್ ಇರುವುದು ನೌಕರರಿಗಷ್ಟೇ. ಲ್ಯಾಪ್‌ಟಾಪ್ ಹಿಂದಿರುಗಿಸಲು ಅದೇ ಕಂಪನಿಗೆ ಮತ್ತೆ ಸೇರಬೇಕು! 'ಕೊಟ್ಟೋನು ಕೋಡಂಗಿ' ಎಂಬ ಗಾದೆ ಸಾಲ ಕೊಟ್ಟವರಿಗೆ ಮಾತ್ರ ಎಂದುಕೊಂಡಿದ್ದೆ. ವಾಪಸು ಕೊಡಹೊರಟವನೂ ಅದೇ ಪಂಗಡ.

'ಫಾರ್ಮ್ಯಾಟ್ ಮಾಡಿ ಬಳಸ್ಕೊಳ್ಳೋ, ಯಾರು ಕೇಳ್ತಾರೆ?' ಎಂದ ಗೆಳೆಯನೊಬ್ಬ. ಅಂಥ ಗೆಳೆಯರಿಂದಲೇ ವಕೀಲರ ಮನೆ ನಡೆಯುವುದು. ಒಳಗಿನ ಫೈಲುಗಳು ಕಂಪನಿಯವು. ಅಳಿಸಿದ ಮೇಲೆ 'ಸಾಕ್ಷ್ಯ ನಾಶ ಮಾಡಿದ್ದೇಕೆ?' ಎಂದು ಕೇಳಿದರೆ, 'ಒಳಗೆ ನನ್ನ ಮದುವೆ ಫೋಟೊಗಳಿದ್ದವು ಸ್ವಾಮಿ' ಎಂದರೆ ಯಾರು ನಂಬುತ್ತಾರೆ? (ಇದ್ದದ್ದು ನಿಜ. ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿ, ಕೀಲಿ ಇಲ್ಲದೆ ಓದಲಾಗದಂತಿರುವುದರಿಂದ ಈಗ ನನ್ನ ಮದುವೆ ನನಗೇ ಗೋಪ್ಯ ಮಾಹಿತಿ.)

ಸುಮ್ಮನೆ ಮೂಲೆಗಿಟ್ಟು ಮರೆಯೋಣವೆಂದರೆ ಬ್ಯಾಟರಿ ಬಿಡಬೇಕಲ್ಲ. ಲಿಥಿಯಂ ಬ್ಯಾಟರಿ ಪೂರ್ತಿ ಬರಿದಾದರೂ ಕೆಡುತ್ತದೆ, 100ಕ್ಕೆ 100 ತುಂಬಿಸಿ ಇಟ್ಟರೂ ಬೇಗ ಮುಪ್ಪಾಗುತ್ತದೆ, ಅರ್ಧದ ಆಸುಪಾಸಿನಲ್ಲಿರಬೇಕು. ಹಾಗಾಗಿ ತಿಂಗಳಿಗೊಮ್ಮೆ ಹೊರತೆಗೆದು, ಒಂದಿಷ್ಟು ಚಾರ್ಜ್ ಉಣಿಸಿ, ಹೊಟ್ಟೆ ಉಬ್ಬಿದೆಯೇ ಎಂದು ಸವರಿ ನೋಡಿ, ಮತ್ತೆ ಮಲಗಿಸುತ್ತಿದ್ದೆ. ನಾನು ಮರೆತರೆ ಹೆಂಡತಿ 'ನಿಮ್ಮ ಕೂಸಿಗೆ ಹೊತ್ತಾಯ್ತು' ಎನ್ನುತ್ತಿದ್ದಳು. ಕೆಲಸದಲ್ಲಿದ್ದಾಗ ಅದರ ಧೂಳು ಒರೆಸಿದವನೂ ಅಲ್ಲ ನಾನು.

ಎಂಟನೇ ತಿಂಗಳು ಹುಟ್ಟುತ್ತಿದ್ದಂತೆ ಗದರಿಕೆಯ ಮೇಲ್ ಬಂತು: ಸ್ವತ್ತು ಹಿಂದಿರುಗಿಸದೆ ಇಟ್ಟುಕೊಂಡಿದ್ದೀರಿ, 7 ದಿನದೊಳಗೆ ತಲುಪಿಸದಿದ್ದರೆ ಕ್ರಮ. ನಾನು ಹಿಂದೆ ಬರೆದಿದ್ದ ಒಂಬತ್ತೂ ಮೇಲ್‌ಗಳನ್ನು ಪೋಣಿಸಿ ಕಳಿಸಿ, ಪುಣ್ಯಕ್ಕೆ ಬರೆದಿಟ್ಟೆನಲ್ಲ ಎಂದು ಬೆನ್ನು ತಟ್ಟಿಕೊಂಡು, ನಾನೇ ಕೊರಿಯರ್ ಅಂಗಡಿಗೆ ಹೊತ್ತೆ.

'ಬ್ಯಾಟರಿ ಇದೆಯಾ? ಎಷ್ಟು ವ್ಯಾಟ್-ಅವರ್?' ಎಂದ ಹುಡುಗ; ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬ ಲೆಕ್ಕವದು. ಕೂಸಿನ ತೂಕ ಕೇಳಿದರೆ ಹೇಳುತ್ತಿದ್ದೆ. ಬುದ್ಧಿವಂತಿಕೆ ತೋರಿಸಲು, 'ಬ್ಯಾಟರಿ ಬಿಚ್ಚಿ ಬೇರೆ ಕಟ್ಟಲಾ?' ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವುದು 2016ರಿಂದಲೇ ನಿಷಿದ್ಧವಂತೆ; ಯಂತ್ರದ ಹೊಟ್ಟೆಯೊಳಗಿದ್ದರೆ, ನಿಯಮ ಪಾಲಿಸಿ ಕಳಿಸಬಹುದು. ಬಾಯಿ ಮುಚ್ಚಿಕೊಂಡು ಸೀರಿಯಲ್ ನಂಬರು, ನಾಲ್ಕು ಮಗ್ಗುಲು, ಚಾರ್ಜರ್, ಅಂಟಿಸಿದ ಡಬ್ಬಿ, ರಸೀದಿ ಎಲ್ಲದರ ಫೋಟೊ ತೆಗೆದೆ. ಈ ಸಲದ ಫೋಟೊಗಳಾದರೂ ನನ್ನ ಫೋನಿನಲ್ಲೇ ಇವೆ.

ಮನೆಗೆ ಬಂದು ಬೀರು ತೆರೆದರೆ ಸ್ವೆಟರ್‌ಗಳ ನಡುವೆ ಚೌಕಾಕಾರದ ತಗ್ಗು. ಯಾಕೋ ಒಂದು ಕ್ಷಣ ಬೇಜಾರಾಯಿತು, ನಿಜ ಹೇಳಬೇಕೆಂದರೆ.

ವಾರದ ಮೇಲೆ ಸ್ವೀಕೃತಿ ಬಂತು: ಲ್ಯಾಪ್‌ಟಾಪ್ 1, ಚಾರ್ಜರ್ 1, ಬ್ಯಾಗ್ 1, ಹೆಡ್‌ಫೋನ್ 1.

ಹೆಡ್‌ಫೋನಾ? ಅದು ನನ್ನದು! ಬ್ಯಾಗಿನ ಪಕ್ಕದ ಜೇಬಿನಲ್ಲಿ ಉಳಿದುಬಿಟ್ಟಿತ್ತು. ದಯವಿಟ್ಟು ವಾಪಸು ಕಳಿಸಿ ಎಂದು ಬರೆದೆ.

ಏಳು ತಿಂಗಳಲ್ಲಿ ಮೊದಲ ಬಾರಿಗೆ ಐದೇ ನಿಮಿಷದಲ್ಲಿ ಉತ್ತರ ಬಂತು: 'ಟಿಕೆಟ್ ಹಾಕಿ.'