ಕೌನ್ಸೆಲಿಂಗ್‌ಗೆ ಹೋದರೆ ಮಗುವಿನ ಹೆಸರು ಕೆಡುತ್ತದಾ? ಆ ಮೆಸೇಜ್ ಸುಳ್ಳು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಶಾಲೆಯ ಕೌನ್ಸೆಲರ್ ಹತ್ತಿರ ಮಗುವನ್ನು ಕಳಿಸಿದರೆ ಮಾತ್ರೆ ಶುರು ಮಾಡುತ್ತಾರಂತೆ, ‘ಮಾನಸಿಕ ರೋಗಿ’ ಅಂತ ಊರಿಗೆಲ್ಲ ಗೊತ್ತಾಗುತ್ತದಂತೆ. ಸುಮ್ನೆ ಹೆದರಿಸುವ ಮಾತು.

ಕೌನ್ಸೆಲರ್ ಮಾತ್ರೆ ಬರೆಯುವ ಹಾಗೇ ಇಲ್ಲ, ಅದು ಡಾಕ್ಟರ ಕೆಲಸ. ಅಲ್ಲಿ ನಡೆಯುವುದು ಜಾಸ್ತಿ ಮಾತುಕತೆ, ಸಣ್ಣ ಮಕ್ಕಳಾದರೆ ಆಟ, ಚಿತ್ರ. ಮನೆಯವರ ಚಿತ್ರ ಬಿಡಿಸು ಅಂದಾಗ ಮಗು ಅಪ್ಪನನ್ನು ಹಾಳೆಯ ಮೂಲೆಗೆ ಹಾಕಿತು ಅಂದುಕೊಳ್ಳಿ, ಅಷ್ಟಕ್ಕೇ ತೀರ್ಪು ಕೊಡಬಾರದು, ‘ಇವರು ಏನು ಮಾಡ್ತಾ ಇದ್ದಾರೆ?’ ಅಂತ ಕೇಳಿ ಮಗುವೇ ಹೇಳುವವರೆಗೆ ಕಾಯಬೇಕು (ಅಪ್ಪ ಗಲ್ಫಿನಲ್ಲಿರಬಹುದು, ನಮ್ಮಲ್ಲಿ ಅದೇನು ಅಪರೂಪವಾ!). ನಿದ್ದೆ, ಊಟ, ಗೆಳೆಯರ ಬಗ್ಗೆ ಮನೆಯವರನ್ನೂ ಟೀಚರನ್ನೂ ಕೇಳುತ್ತಾರೆ. ಮಗುವಿನ ಭಾವನೆ, ನಡವಳಿಕೆ ಬಗ್ಗೆ ಕೇಳುವ ಎಸ್‌ಡಿಕ್ಯೂ ಎಂಬ 25 ಅಂಶಗಳ ಫಾರಂ ಕೊಡುವುದೂ ಉಂಟು. ಅದು ರೋಗದ ಸರ್ಟಿಫಿಕೇಟ್ ಅಲ್ಲ.

ಇನ್ನು ಗುಟ್ಟಿನ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ಮಾಹಿತಿ ಗುಟ್ಟಾಗಿರಬೇಕು. ಜೀವಕ್ಕೆ ಅಪಾಯ ಇದ್ದರೆ ಬೇರೆ ಮಾತು, ಲೈಂಗಿಕ ದೌರ್ಜನ್ಯ ಗೊತ್ತಾದರೆ ಮಕ್ಕಳ ರಕ್ಷಣೆಯ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು.

ಮಗುವಿಗೆ ಮಲಯಾಳಂ ತೊಡಕಾದರೆ ಕನ್ನಡದವರು ಬೇಕು ಅಂತ ಧೈರ್ಯವಾಗಿ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು, ಉಚಿತ, ದಿನದ 24 ಗಂಟೆಯೂ.