ಪ್ರೆಶರ್ ವಾಷರ್ ಹಿಡಿಯುವ ಮುಂಚೆ

ಡೀಸೆಲ್ ಗಾಡಿಯ ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್ ಬಿಚ್ಚಿ ಪ್ರೆಶರ್ ವಾಷರ್‌ನಲ್ಲಿ ತೊಳೆದರೆ ಹೊಸದರಂತಾಗುತ್ತದೆ ಅಂತ ಬರೆದಿದ್ದೀರಲ್ಲ, ಅದೊಂದನ್ನು ಒಪ್ಪಲ್ಲ ಸರ್. ಕಳೆದ ಮಳೆಗಾಲದಲ್ಲಿ ನಾನೂ ಅದನ್ನೇ ಮಾಡಿದೆ. ಅಂಗಳದ ತುಂಬಾ ಮಸಿ ನೀರು ಹರಿಯಿತು, ಖುಷಿಯೋ ಖುಷಿ, ಎರಡೇ ವಾರಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ಎಚ್ಚರಿಕೆಯ ಲೈಟ್ ಮತ್ತೆ ಬಂತು, ಬಿಚ್ಚಿ ನೋಡಿದರೆ ಒಳಗಿನ ಜೇನುಗೂಡಿನಂಥ ಸೆರಾಮಿಕ್ ಅಂಚಿನಲ್ಲಿ ಬಿರುಕು! ಮಸಿಯಾದರೆ 600 ಡಿಗ್ರಿ ಹತ್ತಿರ ಬಿಸಿಯಾದಾಗ ತಾನೇ ಸುಟ್ಟು ಹೋಗುತ್ತದೆ. ಎಂಜಿನ್ ಆಯಿಲ್‌ನಿಂದ ಬಂದ ಬೂದಿ ಸುಡಲ್ಲ, ಅದಕ್ಕೆ ಡಿಪಿಎಫ್‌ಗೆಂದೇ ಇರುವ ಮೆಷಿನ್‌ನಲ್ಲಿ ಕ್ಲೀನಿಂಗೇ ಬೇಕು. ನಮ್ಮದು ಚಿಕ್ಕಮಗಳೂರು, ತೋಟದಿಂದ ಪೇಟೆಗೆ ನಾಲ್ಕು ಕಿಲೋಮೀಟರ್ ಓಡಾಟ, ಸೈಲೆನ್ಸರ್ ಬಿಸಿ ಆಗೋದೆಲ್ಲಿಂದ? ಈಗ ಹಾಸನಕ್ಕೆ ಹೋದಾಗೆಲ್ಲ ಚನ್ನರಾಯಪಟ್ಟಣದ ಹೈವೇಯಲ್ಲಿ ಮಸಿ ಸುಡಲಿ ಅಂತ ಅರ್ಧ ಗಂಟೆ ಒಂದೇ ಸ್ಪೀಡಿನಲ್ಲಿ ಓಡಿಸುತ್ತೇನೆ. ಮಗಳ ಮನೆ ಅಲ್ಲೇ, ನೆಪವೂ ಸಿಕ್ಕಿತು.