ನಾಲ್ಕು ಬೋಲ್ಟು, ಒಂದು ಪೇಢೆ ಡಬ್ಬಿ

ಎದುರು ಮನೆಯ ಹುಡುಗ ಬೆಂಗಳೂರಿನ ಕೆಲಸವನ್ನು ಮನೆಯಲ್ಲಿ ಕುಳಿತೇ ಮಾಡುತ್ತೇನೆಂದು ಹುಬ್ಬಳ್ಳಿಗೆ ಮರಳಿದಾಗ, ಲ್ಯಾಪ್‌ಟಾಪಿನ ಜೊತೆಗೆ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರೊಂದನ್ನೂ ತಂದ. ಜಪಾನಿನ ಗಾಡಿ, ಸೆಕೆಂಡ್ ಹ್ಯಾಂಡ್. ಸೀಟು ಎರಡೇ ಆದರೂ ಎಂಜಿನ್ 3.7 ಲೀಟರಿನದು, ಆರು ಸಿಲಿಂಡರು, ಮುನ್ನೂರು ಮೀರಿದ ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು ಐದಾರು ಸೆಕೆಂಡು ಸಾಕಂತೆ. ವಿದ್ಯಾನಗರದ ನಮ್ಮ ಓಣಿಯ ಬಾಯಿಗೆ ಅದು ಬಂದದ್ದು ಸಂಜೆ ಆರು ಗಂಟೆಗೆ, ಮನೆಯ ಗೇಟು ಮುಟ್ಟಿದ್ದು ಆರೂ ಇಪ್ಪತ್ತಕ್ಕೆ. ನಡುವಿನ ಅಂತರ ಇನ್ನೂರು ಮೀಟರ್. ಕಾರಿನ ಹಿಂದೆ ಬಂದ ಸೊಪ್ಪಿನ ಗಾಡಿಯ ಅಜ್ಜಿ ಎರಡು ಸಲ "ಸ್ವಲ್ಪ ದಾರಿ ಬಿಡಪ್ಪಾ" ಎಂದಳು.

ಓಣಿಯ ವಿಷಯ ಹೇಳದೆ ಕಾರಿನ ವಿಷಯ ಅರ್ಥವಾಗುವುದಿಲ್ಲ. ಒಂದೂವರೆ ವರ್ಷದಲ್ಲಿ ನಮ್ಮ ರಸ್ತೆಯನ್ನು ಐದು ಸಲ ಬಿಚ್ಚಲಾಗಿದೆ. ವಾರಕ್ಕೊಮ್ಮೆ ದರ್ಶನ ಕೊಡುವ ಮಲಪ್ರಭೆ ಇನ್ನು ಮೇಲೆ ದಿನದ ಇಪ್ಪತ್ನಾಲ್ಕು ಗಂಟೆಯೂ ನಲ್ಲಿಯಲ್ಲೇ ವಾಸವಾಗಿರುತ್ತಾಳೆಂದು ಪೈಪು ಹೂಳಲು ಒಮ್ಮೆ. ಒಳಚರಂಡಿಗೆ ಒಮ್ಮೆ. ಅಡುಗೆ ಅನಿಲಕ್ಕೆ ಒಮ್ಮೆ. ಇಂಟರ್‌ನೆಟ್ ಕೇಬಲಿಗೆ ಒಮ್ಮೆ. ಕೇಬಲ್ ಹಾಕುವಾಗ ನೀರಿನ ಪೈಪು ಒಡೆದದ್ದರಿಂದ, ಎಲ್ಲಿ ಒಡೆಯಿತೆಂದು ಹುಡುಕಲು ಮತ್ತೊಮ್ಮೆ. ದೂರು ಕೊಡಲು ಫೋನು ಮಾಡಿದರೆ "ಸಂಬಂಧಪಟ್ಟ ಇಲಾಖೆಗೆ ತಿಳಿಸಿ" ಎನ್ನುತ್ತಾರೆ. ಸಂಬಂಧಪಟ್ಟ ಇಲಾಖೆಗೆ ಫೋನು ಮಾಡಿದರೆ ತಮಗೆ ಸಂಬಂಧಪಟ್ಟಿಲ್ಲ ಎನ್ನುತ್ತಾರೆ. ಹುಡುಗಿ ನೋಡಲು ಹೋದಾಗ ಏಳು ತಲೆಮಾರಿನ ಸಂಬಂಧ ಹುಡುಕಿ ತೆಗೆಯುವ ನಮ್ಮ ಜನರಿಗೆ, ಒಂದು ಗುಂಡಿಯ ಸಂಬಂಧ ಹುಡುಕಲು ಆಗಿಲ್ಲ.

ಬಿಚ್ಚಿದ್ದನ್ನು ಮುಚ್ಚುತ್ತಾರೆ, ಇಲ್ಲವೆನ್ನಬಾರದು. ಆದರೆ ನಮ್ಮದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಅಂಥ ಮಣ್ಣಿನಲ್ಲಿ ತೋಡಿದ ಕಾಲುವೆಯನ್ನು ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ಹದವಾಗಿ ನೀರು ಹನಿಸಿ, ದಮ್ಮಸ್ಸು ಮಾಡಿ ಮೇಲೆ ಬರಬೇಕು. ನಮ್ಮಲ್ಲಿ ಜೆಸಿಬಿ ತನ್ನ ಸೊಂಡಿಲಿನಿಂದ ಒಂದೇ ಸಲ ಎಲ್ಲವನ್ನೂ ಒಳಗೆ ನೂಕಿ, ಮೇಲೆ ಎರಡು ಬಾರಿ ಬೆನ್ನು ತಟ್ಟಿ ಹೋಗುತ್ತದೆ. ದಮ್ಮಸ್ಸಿನ ಕೆಲಸವನ್ನು ಮುಂಗಾರಿಗೆ ವಹಿಸಿಕೊಡಲಾಗಿದೆ. ಮೊದಲ ಮಳೆಗೆ ಮಣ್ಣು ಕೂರುತ್ತದೆ, ಅದರೊಳಗೆ ಹಾಲಿನ ವ್ಯಾನು ಕೂರುತ್ತದೆ, ನಂತರ ಅಧಿಕಾರಿಗಳ ಸಭೆ ಕೂರುತ್ತದೆ.

ಇಷ್ಟು ಸಾಲದೆಂದು ಒಂದು ಹಂಪು ಬೇರೆ. ರಸ್ತೆ ಉಬ್ಬು ಹೇಗಿರಬೇಕೆಂದು ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲೇ ಬರೆದಿಟ್ಟಿದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹತ್ತಿಳಿದರೆ ಹೊಟ್ಟೆಯ ನೀರು ಅಲುಗಬಾರದು. ನಮ್ಮ ಓಣಿಯದು ಎತ್ತರದಲ್ಲಿ ಒಂದು ಗೇಣು, ಅಗಲದಲ್ಲಿ ಒಂದು ಮೊಳ. ಒಳಚರಂಡಿಯವರು ಬಿಟ್ಟುಹೋದ ಕಾಂಕ್ರೀಟು ಹಾಳಾಗಬಾರದೆಂದು ಓಣಿಯ ಹಿರಿಯರು ಸೇರಿ ರಾತ್ರೋರಾತ್ರಿ ಕಟ್ಟಿದ್ದು. ಗುಂಡಿಗಳಿಂದಾಗಿ ಯಾವ ವಾಹನವೂ ನಡೆಯುವವನಿಗಿಂತ ಬೇಗ ಹೋಗದ ರಸ್ತೆಯಲ್ಲಿ ವೇಗ ತಗ್ಗಿಸಲು ಹಂಪು ಏಕೆಂದು ನಾನು ಕೇಳಿದ್ದೆ. "ನಾಳೆ ರಸ್ತೆ ಸರಿಯಾದರೆ?" ಎಂದು ಅವರು ನನ್ನನ್ನೇ ಕೇಳಿದರು. ಆಶಾವಾದಕ್ಕೆ ಉತ್ತರವಿರುವುದಿಲ್ಲ.

ಕೆಂಪು ಕಾರಿನ ಹೊಟ್ಟೆ ನೆಲದಿಂದ ಹನ್ನೆರಡು ಸೆಂಟಿಮೀಟರ್ ಆಸುಪಾಸಿನಲ್ಲಿದೆ. ಗೇಣಿನ ಮೇಲೆ ಅದು ದಾಟುವುದು ಹೇಗೆಂಬುದು ಲೆಕ್ಕದ ಮೇಷ್ಟರಿಗೂ ಬಿಡಿಸಲಾಗದ ಸಮಸ್ಯೆ. ಹುಡುಗ ಮೊದಲು ನೇರವಾಗಿ ಹೋದ, ನಂತರ ಓರೆಯಾಗಿ ಹೋದ, ಕೊನೆಗೆ ಎರಡು ಹಲಗೆ ಇಟ್ಟುಕೊಂಡು ಹೋಗತೊಡಗಿದ. ಆ ಹಲಗೆಗಳನ್ನು ಡಿಕ್ಕಿಯಲ್ಲಿ ಸದಾ ಒಯ್ಯುತ್ತಿದ್ದ. ಚನ್ನಮ್ಮ ವೃತ್ತದ ದಟ್ಟಣೆಯಲ್ಲಿ ಅವನ ಆರು ಸಿಲಿಂಡರುಗಳು ಹಸಿದ ಹುಲಿಯಂತೆ ಗುರುಗುಟ್ಟುತ್ತಿದ್ದಾಗ, ಧಾರವಾಡದ ಕಡೆಗೆ ತನ್ನದೇ ಪಥದಲ್ಲಿ ಚಿಗರಿ ಎಂಬ ತ್ವರಿತ ಸಾರಿಗೆ ಬಸ್ಸು ಓಡಿಹೋಗುವುದನ್ನು ಕಂಡು ಅವನ ಕಣ್ಣಲ್ಲಿ ನೀರು ಬಂದಿತ್ತಂತೆ. ಗುಂಡಿಯಿಲ್ಲದೆ, ಹಂಪಿಲ್ಲದೆ, ಯಾರೂ ಅಗೆಯದೆ ಉಳಿದ ಉದ್ದನೆಯ ಸಮತಟ್ಟು ಜಾಗ ನಮ್ಮೂರಿನಲ್ಲಿ ನನಗೆ ಗೊತ್ತಿರುವಂತೆ ಒಂದೇ: ರೈಲು ನಿಲ್ದಾಣದ 1507 ಮೀಟರಿನ ಪ್ಲ್ಯಾಟ್‌ಫಾರ್ಮ್. 2023ರಲ್ಲಿ ಉದ್ಘಾಟನೆಯಾದ ಅದು ಜಗತ್ತಿನಲ್ಲೇ ಅತಿ ಉದ್ದದ್ದು. ಅಲ್ಲಿ ಕಾರು ಓಡಿಸಲು ಬಿಡುವುದಿಲ್ಲ, ನಾನೇ ವಿಚಾರಿಸಿದೆ. ಇಪ್ಪತ್ತು ಲಕ್ಷ ದಾಟಿದ ಕಾರಿಗೆ ನಮ್ಮ ರಾಜ್ಯದಲ್ಲಿ ಬೆಲೆಯ ಶೇ. 18ರಷ್ಟು ಜೀವಾವಧಿ ತೆರಿಗೆ. ಯಾರ ಜೀವಾವಧಿ ಎಂದು ಕೇಳಬೇಡಿ. ನಮ್ಮ ಓಣಿಯ ಡಾಂಬರಿನದಂತೂ ಅಲ್ಲ.

ಮೂರನೆಯ ತಿಂಗಳಿಗೆ ಕಾರಿನೊಳಗೆ 'ದಡಕ್, ದಡಕ್' ಎಂಬ ಸದ್ದು ಶುರುವಾಯಿತು. ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ರಬ್ಬರಿನ ಮೌಂಟಿಂಗ್ ಹರಿದಿತ್ತು. ಕಂಪನಿಯ ಸರ್ವಿಸ್‌ನವರು ಟ್ರಕ್ಕಿನ ಮೇಲೆ ಹಾಕಿ ಬೆಂಗಳೂರಿಗೆ ಕಳಿಸಿ ಎಂದರು. ಟ್ರಕ್ಕಿನವನು ಓಣಿಯ ಬಾಯಿಗೆ ಬಂದು, ಒಳಗೆ ಕಣ್ಣು ಹಾಯಿಸಿ, ಕೈ ಮುಗಿದು ತಿರುಗಿಹೋದ. ಹುಡುಗ ಎರಡು ರಾತ್ರಿ ಕುಳಿತು ಕಾರಿನ ಕೈಪಿಡಿ ಓದಿದ. ಮೂರನೆಯ ಬೆಳಿಗ್ಗೆ ತೋಳು ಮಡಚಿ, ತಾನೇ ಮಾಡುತ್ತೇನೆ ಎಂದ.

ಮೌಂಟಿಂಗ್ ಬದಲಿಸಬೇಕಾದರೆ ಎಂಜಿನ್ನಿನ ಭಾರವನ್ನು ಯಾರಾದರೂ ಹೊರಬೇಕು. ಎತ್ತರದ ಗಾಡಿಯಾಗಿದ್ದರೆ ಕೆಳಗೆ ಜಾಕು ಕೊಡಬಹುದು. ಈ ಕಾರಿನ ಕೆಳಗೆ ಜಾಕಿರಲಿ, ಓಣಿಯ ಬೆಕ್ಕೂ ನುಸುಳುವುದಿಲ್ಲ. ಹಾಗಾಗಿ ಮೇಲಿನಿಂದ ಚೈನು ಕಟ್ಟಿ ಎರಡು ಬೆರಳಿನಷ್ಟು ಎತ್ತಬೇಕು. ಮೇಲಿನಿಂದ ಎತ್ತಲು ಎಂಜಿನ್ನಿನ ಮುಚ್ಚಳ, ಅಂದರೆ ಬಾನೆಟ್, ಅಡ್ಡ. ಬಾನೆಟ್ಟನ್ನು ಪೂರ್ತಿ ಕಳಚಿ ಇಡಬೇಕು. ಹಳೇ ಹುಬ್ಬಳ್ಳಿಯ ಮಿಸ್ತ್ರಿಯೊಬ್ಬರು, ಬೋರ್‌ವೆಲ್ಲಿನ ಪಂಪು ಎತ್ತುವ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ಮತ್ತು ಚೈನ್ ಪುಲ್ಲಿಯನ್ನು ತರುವುದಾಗಿ ಒಪ್ಪಿಕೊಂಡರು. ಆರುನೂರು ಅಡಿ ಆಳದಿಂದ ಪಂಪು ಎತ್ತಿದವರಿಗೆ ಎರಡು ಬೆರಳು ಯಾವ ಲೆಕ್ಕ?

ಭಾನುವಾರ ಬೆಳಿಗ್ಗೆ ಓಣಿಗೆ ಓಣಿಯೇ ಬಂದು ನಿಂತಿತು. ನಾನೂ ಚಹಾದ ಲೋಟ ಹಿಡಿದೇ ಹೋದೆ. ಹುಡುಗ ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದ. ತನ್ನ ಅಜ್ಜಿ ಹೊಲಿದ ಕೌದಿಗಳನ್ನು ತಂದು ಎರಡೂ ಬದಿಯ ಮಡ್ಗಾರ್ಡಿನ ಮೇಲೆ ಹಾಸಿದ. ಗಾಜಿಗೆ ನೀರು ಚಿಮ್ಮಿಸುವ ಸಣ್ಣ ರಬ್ಬರ್ ಕೊಳವೆಯನ್ನು, ಮಗುವಿನ ಕಿವಿಯಿಂದ ಓಲೆ ತೆಗೆಯುವಂತೆ, ಮೆಲ್ಲಗೆ ತಿರುಗಿಸಿ ಎಳೆದ. ಆಮೇಲೆ ಪಾನಾ ಮುಟ್ಟಲಿಲ್ಲ. ಜೇಬಿನಿಂದ ಬಿಳಿ ಮಾರ್ಕರ್ ಪೆನ್ನು ತೆಗೆದು, ಬಾನೆಟ್ ತನ್ನ ತಿರುಗಣಿಗೆ, ಅಂದರೆ ಹಿಂಜಿಗೆ, ಕೂಡುವಲ್ಲಿ, ಹಿಂಜಿನ ಸುತ್ತಲೂ ಬೋಲ್ಟುಗಳ ಸುತ್ತಲೂ ತೆಳ್ಳಗೆ ಗೆರೆ ಎಳೆಯತೊಡಗಿದ. ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಎಡಕ್ಕೆ ಐದು ನಿಮಿಷ, ಬಲಕ್ಕೆ ಐದು ನಿಮಿಷ. ಮೊಬೈಲಿನಲ್ಲಿ ನಾಲ್ಕು ದಿಕ್ಕಿನಿಂದ ಫೋಟೊ ಹೊಡೆದ.

ನಿವೃತ್ತ ಓವರ್‌ಸಿಯರ್ ಕಾಕಾ ಮುಂದೆ ಬಂದರು. ಮೂವತ್ತು ವರ್ಷ ರಸ್ತೆ ಮಾಡಿಸಿದವರು, ಹಂಪಿನ ವಾಸ್ತುಶಿಲ್ಪಿಯೂ ಅವರೇ.

"ತಮ್ಮಾ, ಗೆರೆ ಎಳೆದಿದ್ದೀಯಲ್ಲ, ಅಲ್ಲಿ ಕೊಯ್ಯುತ್ತೀಯಾ?"

"ಇಲ್ಲ ಕಾಕಾ. ಮತ್ತೆ ಕೂರಿಸುವಾಗ ಎಲ್ಲಿತ್ತೋ ಅಲ್ಲೇ ಕೂರಲಿ ಎಂದು. ಕೂದಲಷ್ಟು ಆಚೀಚೆಯಾದರೂ ಬಾನೆಟ್ ಸರಿಯಾಗಿ ಮುಚ್ಚುವುದಿಲ್ಲ."

ಕಾಕಾ ಬಹಳ ಹೊತ್ತು ಯೋಚಿಸಿದರು. "ಬಿಚ್ಚುವಾಗಲೇ ಮುಚ್ಚುವುದನ್ನು ಯೋಚಿಸುತ್ತೀಯಾ?" ಎಂದರು. ಅವರ ದನಿಯಲ್ಲಿದ್ದದ್ದು ಮೆಚ್ಚುಗೆಯಲ್ಲ, ಕಳವಳ. "ನಮ್ಮಲ್ಲಿ ಬಿಳಿ ಗೆರೆ ಎಳೆದರೆ ಅಗೆಯುವುದಕ್ಕೆ. ಎಂ.ಬಿ. ಬರೆದೆಯಾ?"

ಎಂ.ಬಿ. ಎಂದರೆ ಅಳತೆ ಪುಸ್ತಕ. ಆದ ಕೆಲಸದ ಅಳತೆಯನ್ನು ಅದರಲ್ಲಿ ಬರೆದ ಮೇಲೆಯೇ ಬಿಲ್ಲು. ಹುಡುಗ ಇನ್ನೂ ಕೆಲಸವೇ ಆಗಿಲ್ಲವಲ್ಲ ಎಂದ. ಕಾಕಾ ಈ ಪೀಳಿಗೆಯ ಬಗ್ಗೆ ಮರುಗಿ ಹಿಂದೆ ಸರಿದರು.

ಹನ್ನೆರಡರ ಪಾನಾದಿಂದ ನಾಲ್ಕೂ ಬೋಲ್ಟುಗಳನ್ನು ಸಡಿಲಿಸಿದ್ದಾಯಿತು. ಮಿಸ್ತ್ರಿ ಒಂದು ಕಡೆ, ನಾನೊಂದು ಕಡೆ ಬಾನೆಟ್ ಹಿಡಿದೆವು. ಇಷ್ಟುದ್ದದ ಬಾನೆಟ್ ಎಮ್ಮೆಯಷ್ಟು ತೂಗಬಹುದೆಂದು ಸೊಂಟ ಗಟ್ಟಿ ಮಾಡಿಕೊಂಡಿದ್ದೆ. ಅಲ್ಯೂಮಿನಿಯಂ, ಹಗುರವಾಗಿ ಬಂತು. ಅದನ್ನು ಅಂಗಳದ ಹೊರಸಿನ ಮೇಲೆ, ಕೌದಿ ಹಾಸಿ, ಬಾಣಂತಿಯಂತೆ ಮಲಗಿಸಿದೆವು. ಬೋಲ್ಟುಗಳಿಗಾಗಿ ಹುಡುಗ ಧಾರವಾಡ ಪೇಢೆಯ ಖಾಲಿ ಡಬ್ಬಿ ತೆಗೆದ. ಒಳಗೆ ರಟ್ಟಿನ ಗೋಡೆ ಮಾಡಿ ಒಂದು ಬದಿಗೆ 'ಎಡ', ಇನ್ನೊಂದು ಬದಿಗೆ 'ಬಲ' ಎಂದು ಬರೆದಿದ್ದ. ಎರಡೆರಡು ಬೋಲ್ಟು ತಮ್ಮ ತಮ್ಮ ಮನೆಗೆ ಹೋದವು. ಹುಡುಗನ ತಾಯಿ ಎಲ್ಲರಿಗೂ ಗಿರಮಿಟ್ ಕೊಟ್ಟರು. ಮಿಸ್ತ್ರಿ ತಿನ್ನಲು ಕೂರುವ ಮೊದಲು ಎಂಜಿನ್ನಿನ ಮೇಲೆ ಒಂದು ಬಟ್ಟೆ ಮುಚ್ಚಿದರು. "ಮಂಡಕ್ಕಿ ಒಳಗೆ ಬಿದ್ದರೆ ಯಾರು ಹುಡುಕಬೇಕು, ಸಾಹೇಬರೇ?" ಎಂದರು. ನನಗೆ ನಮ್ಮ ನೀರಿನ ಪೈಪು ನೆನಪಾಯಿತು.

ಹರಿದ ಮೌಂಟಿಂಗ್ ಅಂದೇ ಹೊರಬಂತು. ಹೊಸದು ಬರುವುದು ಮಾತ್ರ ತಡವಾಯಿತು. ನಡುವಿನಲ್ಲಿ ನಮ್ಮ ರಸ್ತೆಯನ್ನು ಆರನೆಯ ಸಲ ಬಿಚ್ಚಲಾಗಿತ್ತು. ಕೊರಿಯರ್‌ನವನು ಫೋನು ಮಾಡಿ "ಸರ್, ನಿಮ್ಮ ರಸ್ತೆ ಮುಚ್ಚಿದೆ" ಎಂದ. ಹುಡುಗ "ಇಲ್ಲಪ್ಪ, ತೆರೆದಿದ್ದಾರೆ" ಎಂದ. ತೆರೆದದ್ದರಿಂದಲೇ ಮುಚ್ಚಿದೆ, ಮುಚ್ಚಿದ ಮೇಲೆ ತೆರೆಯುತ್ತದೆ ಎಂದು ಕೊರಿಯರ್‌ನವನು ವಿವರಿಸಿದ. ವೇದಾಂತ ತಲೆಗೆ ಹತ್ತದೆ ಹುಡುಗ ನಡೆದೇ ಹೋಗಿ ಪೆಟ್ಟಿಗೆ ತಂದ. ಅಷ್ಟು ದಿನ ಬಾನೆಟ್ ಹೊರಸಿನ ಮೇಲೇ ಇತ್ತು. ಪಕ್ಕದ ಮನೆಯವರು ಬಿಸಿಲಿಗೆ ಚೆನ್ನಾಗಿ ಕಾಯುತ್ತದೆಂದು ಅದರ ಮೇಲೆ ಪಂಚೆ ಹಾಸಿ ಒಂದು ಸೇರು ಬ್ಯಾಡಗಿ ಮೆಣಸಿನಕಾಯಿ ಒಣಗಿಸಿಕೊಂಡರು. ಆ ಕಾರು ನಮ್ಮೂರಿಗೆ ಬಂದ ಮೇಲೆ ಮಾಡಿದ ಮೊದಲ ಉಪಯುಕ್ತ ಕೆಲಸವದು.

ಕೂರಿಸುವ ದಿನ ನಾನು ಹತ್ತಿರ ನಿಂತು ನೋಡಿದೆ. ಮಾರ್ಕರಿನ ಗೆರೆಯೊಳಗೆ ಹಿಂಜು ಬೀಗದೊಳಗೆ ಕೀಲಿ ಕೂತಂತೆ ಕೂತಿತು. ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುವಿದ. ಬಾನೆಟ್ಟನ್ನು ಅರ್ಧ ಇಳಿಸಿ ಕೊಂಡಿ ನಟ್ಟನಡುವೆ ಬರುತ್ತದೆಯೇ ಎಂದು ಬಗ್ಗಿ ನೋಡಿದ. ಎರಡೂ ಬದಿಯ ಸಂದಿನಲ್ಲಿ ಎರಡು ಬಸ್ ಟಿಕೆಟು ಮಡಚಿ ತೂರಿಸಿದ. ಎರಡೂ ಅಷ್ಟೇ ಬಿಗಿಯಾಗಿ ಹೋದವು. ಆಮೇಲೆಯೇ ಪಾನಾ. ಧಡಾರನೆ ಬಡಿಯಲಿಲ್ಲ, ಅಲ್ಯೂಮಿನಿಯಂ ತಗ್ಗುಬೀಳುತ್ತದೆಂದು ಎರಡು ಅಂಗೈಯಿಂದ ಒತ್ತಿದ. 'ಟಕ್' ಎಂದಿತು. ಪೇಢೆ ಡಬ್ಬಿ ಖಾಲಿಯಾಗಿತ್ತು. ಒಂದು ಬೋಲ್ಟೂ ಉಳಿದಿರಲಿಲ್ಲ. ಅದೇ ವಾರ ನಮ್ಮ ರಸ್ತೆಯನ್ನೂ ಮುಚ್ಚಿದ್ದರು. ಅಲ್ಲಿ ಅರ್ಧ ಲಾರಿ ಮಣ್ಣು, ಎರಡು ಸಿಮೆಂಟು ಪೈಪು ಮತ್ತು ಒಂದು ಮ್ಯಾನ್‌ಹೋಲ್ ಮುಚ್ಚಳ ಉಳಿದಿದ್ದವು.

ಹುಡುಗ ಅಲ್ಲಿಗೆ ಸುಮ್ಮನಾಗಬೇಕಿತ್ತು. ಯಶಸ್ಸು ತಲೆಗೇರಿತು. ಹಂಪಿಗೆ ಬಿಳಿ ಪಟ್ಟೆ ಬಳಿದಿರಬೇಕೆಂಬುದೂ ನಿಯಮವೇ ಎಂದು ಎಲ್ಲಿಯೋ ಓದಿ, ಒಂದು ಡಬ್ಬಿ ಬಣ್ಣ ತಂದು, ರಾತ್ರಿ ಹತ್ತು ಗಂಟೆಗೆ ಅಜ್ಜಿಯ ಟಾರ್ಚ್ ಬೆಳಕಿನಲ್ಲಿ ಹಂಪಿನ ಸುತ್ತಲೂ, ಹಿಂಜಿಗೆ ಎಳೆದಷ್ಟೇ ಶ್ರದ್ಧೆಯಿಂದ, ಗೆರೆ ಎಳೆದು ಮಲಗಿದ.

ಬೆಳಿಗ್ಗೆ ಏಳಕ್ಕೆ ಜೆಸಿಬಿಯ ಸದ್ದಿಗೆ ಎಚ್ಚರವಾಯಿತು. ಓಡಿಹೋಗಿ ಯಾವ ಇಲಾಖೆಯವರೆಂದು ಕೇಳಿದೆ.

"ಅದು ಗೊತ್ತಿಲ್ಲ ಸರ್. ಬಿಳಿ ಗುರುತು ಇದ್ದಲ್ಲಿ ಅಗೆಯಲು ಹೇಳಿದ್ದಾರೆ."

ಮಧ್ಯಾಹ್ನದ ಹೊತ್ತಿಗೆ ಹಂಪು ಇರಲಿಲ್ಲ. ಅದರ ಜಾಗದಲ್ಲಿ ಅಷ್ಟೇ ಉದ್ದ, ಅಷ್ಟೇ ಅಗಲದ ಒಂದು ಗುಂಡಿ ಇತ್ತು. ಒಡೆದ ಕಾಂಕ್ರೀಟನ್ನು ಗುಂಡಿಯ ಆಚೆಗೊಂದು, ಈಚೆಗೊಂದು ಸಾಲಾಗಿ ಒಟ್ಟಿದ್ದರು, ಎರಡೂ ಗೇಣೆತ್ತರ. ಹುಡುಗ ಗೇಟಿನ ಬಳಿ ಹಲಗೆಗಳನ್ನು ಹಿಡಿದುಕೊಂಡು ನಿಂತಿದ್ದ. ಓವರ್‌ಸಿಯರ್ ಕಾಕಾ ಟೇಪು ತಂದು, ಬಗ್ಗಿ, ಗುಂಡಿಯ ಅಂಚನ್ನು ನಾಲ್ಕೂ ಕಡೆ ಅಳೆದರು.

"ಗೆರೆಯ ಮೇಲೇ ಅಗೆದಿದ್ದಾರೆ ತಮ್ಮಾ, ಒಂದು ಅಂಗುಲ ಆಚೀಚೆ ಇಲ್ಲ" ಎಂದು ಹುಡುಗನ ಬೆನ್ನು ತಟ್ಟಿದರು. "ನನ್ನ ಸರ್ವಿಸಿನಲ್ಲಿ ಇಷ್ಟು ಚೊಕ್ಕ ಕೆಲಸ ನೋಡಿರಲಿಲ್ಲ."